ಸ್ಪ್ಯಾನಿಷ್ ಭಾಷೆಯಲ್ಲಿ ವಿಶೇಷಣ ವಿಶೇಷ್ಯಗಳ ಹೊಂದಿಕೆ

ಮೊರಾಕ್ಕೊ ದೇಶದ ರೇವುಪಟ್ಟಣವಾದ ಕಾಸಾಬ್ಲಾಂಕಾದ ಹೆಸರನ್ನು ನಾವೆಲ್ಲರೂ ಭೂಗೋಳಶಾಸ್ತ್ರದಲ್ಲಿ ಓದಿರುವೆವು. ಅದು ಸ್ಪ್ಯಾನಿಷ್ ಭಾಷೆಯ ಹೆಸರು. 'ಕಾಸಾ' ಎಂದರೆ ಮನೆ. 'ಬ್ಲಾಂಕಾ' ಎಂದರೆ ಬಿಳಿಯ. ಆದರೆ ನಿಘಂಟಿನಲ್ಲಿ ಈ ವಿಶೇಷಣವು 'ಬ್ಲಾಂಕೊ' ಎಂದೇ ಮೊದಲು ಕಾಣುವುದು. ಅಂತ್ಯದ ಒಕಾರವು ಆಕಾರವಾಗಲು ಕಾರಣವೇನು?

ಕನ್ನಡದಲ್ಲಿ ಲಿಂಗವು ಸಾಮಾನ್ಯವಾಗಿ ಅರ್ಥವನ್ನು ಅನುಸರಿಸುವುದು. ಮನೆ, ಪುಸ್ತಕ ಮುಂತಾದುವು ನಪುಂಸಕಲಿಂಗಗಳು. ಸ್ಪ್ಯಾನಿಷಿನ ನಾಮಪದಗಳಿಗಾದರೋ ಪುಲ್ಲಿಂಗ ಸ್ತ್ರೀಲಿಂಗಗಳೆರಡೇ ಉಂಟು. 'ಲಿಬ್ರೊ', ಅಂದರೆ ಪುಸ್ತಕ, ಪುಲ್ಲಿಂಗ, ಮನೆಯು ಸ್ತ್ರೀಲಿಂಗ. ವಿಶೇಷಣವು ತನ್ನ ವಿಶೇಷ್ಯದ ಲಿಂಗವಚನಗಳನ್ನು ತಾನೂ ಧರಿಸಬೇಕು. ಆದುದರಿಂದ 'ಲಿಬ್ರೊ ಬ್ಲಾಂಕೊ', 'ಕಾಸಾ ಬ್ಲಾಂಕಾ'. ಬಹುವಚನದಲ್ಲಿ 'ಲಿಬ್ರೊಸ್ ಬ್ಲಾಂಕೊಸ್', 'ಕಾಸಾಸ್ ಬ್ಲಾಂಕಾಸ್'. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿಯರು ಎಂದು ವಿಶೇಷಣವನ್ನು ಬದಲಿಸದೆ ನುಡಿಯುವ ನಮಗೆ ಇದು ಹೊಸದೆನಿಸಬಹುದು. ಆದರೆ 'ಸುಂದರೀ ಬಾಲಿಕಾ', 'ಸುಂದರಂ ಪುಷ್ಪಂ' ಎಂದು ಸಂಸ್ಕೃತವನ್ನು ಕಲಿತವರಿಗೆ ಈ ಕ್ರಮವು ಪರಿಚಿತವೇ.

ಎಲ್ಲ ವಿಶೇಷಣಗಳೂ ಲಿಂಗಕ್ಕೆ ತಕ್ಕಂತೆ ಬದಲಾಗುವುದಿಲ್ಲ. ದೊಡ್ಡ ಎಂಬರ್ಥದ 'ಗ್ರಾಂದೆ', ನೀಲಿ ಎಂಬರ್ಥದ 'ಅಸೂಲ್' ಇವು ಎರಡು ಲಿಂಗಗಳಿಗೂ ಒಂದೇ. ಬಹುವಚನದಲ್ಲಿ ಮಾತ್ರ 'ಗ್ರಾಂದೆಸ್', 'ಅಸೂಲೆಸ್' ಎಂದಾಗುವುವು. ನಾಮಪದದ ಅಂತ್ಯಾಕ್ಷರವನ್ನೇ ನಂಬುವುದೂ ತರವಲ್ಲ. ಕೈ ಎಂಬರ್ಥದ 'ಮಾನೊ' ಸ್ತ್ರೀಲಿಂಗ. ಭೂಪಟವೆಂಬರ್ಥದ 'ಮಾಪಾ' ಪುಲ್ಲಿಂಗ. ಆದುದರಿಂದ 'ಮಾನೊ ಬ್ಲಾಂಕಾ' ಎಂಬುದೇ ಶುದ್ಧರೂಪ.

ಇಷ್ಟು ಶ್ರಮದಿಂದ ಪ್ರಯೋಜನವೇನೆಂದು ಕೇಳಬಹುದು. 'ತಣ್ಣನೆಯ ಹಾಲಿನ ಲೋಟ' ಎಂದಾಗ ತಣ್ಣಗಿರುವುದು ಹಾಲೋ ಲೋಟವೋ ತಿಳಿಯದು. ಸ್ಪ್ಯಾನಿಷಿನಲ್ಲಿ 'ವಾಸೊ', ಅಂದರೆ ಲೋಟ, ಪುಲ್ಲಿಂಗ. 'ಲೇಚೆ', ಅಂದರೆ ಹಾಲು, ಸ್ತ್ರೀಲಿಂಗ. 'ವಾಸೊ ದೆ ಲೇಚೆ ಫ್ರೀಒ' ಎಂದರೆ ಲೋಟವು ತಣ್ಣಗಿದೆ. 'ಫ್ರೀಆ' ಎಂದರೆ ಹಾಲು ತಣ್ಣಗಿದೆ. ಒಂದು ಸ್ವರವೇ ಸಂದೇಹವನ್ನು ಪರಿಹರಿಸುವುದು.

ಈ ನಿಯಮವು ಮಾತನಾಡುವವರನ್ನೂ ಬಿಡುವುದಿಲ್ಲ. ದಣಿದಿರುವೆನೆಂದು ಹೇಳುವಾಗ ಹುಡುಗನು 'ಕಾನ್ಸಾದೊ' ಎಂದೂ ಹುಡುಗಿಯು 'ಕಾನ್ಸಾದಾ' ಎಂದೂ ನುಡಿಯಬೇಕು. ನಲವತ್ತು ಮಂದಿ ಹುಡುಗಿಯರು ಕೂಡಿ ಹೇಳಿದರೆ 'ಕಾನ್ಸಾದಾಸ್'. ಅವರ ನಡುವೆ ಒಬ್ಬನೇ ಹುಡುಗನಿದ್ದರೂ, ರೂಢಿಯ ವ್ಯಾಕರಣದಂತೆ, ಎಲ್ಲರಿಗೂ ಪುಲ್ಲಿಂಗದ 'ಕಾನ್ಸಾದೊಸ್' ಸಲ್ಲುವುದು! ಇಲ್ಲಿ ಪುಲ್ಲಿಂಗರೂಪವು ಸ್ತ್ರೀಯರನ್ನೂ ಒಳಗೊಳ್ಳುವುದೆಂಬುದು 1713ರಲ್ಲಿ ಸ್ಥಾಪಿತವಾದ ಸ್ಪೇನಿನ ರಾಜ ಅಕಾಡೆಮಿಯ ಮತ. ಇದಕ್ಕೊಪ್ಪದವರು ಎರಡು ರೂಪಗಳನ್ನೂ ಜೊತೆಯಾಗಿ ಹೇಳುವರು; ಕೆಲವರು ಎಕಾರಾಂತವಾದ ಹೊಸ ರೂಪವನ್ನೂ ಬಳಸುವರು. ಈ ವಾದವು ಇನ್ನೂ ಮುಗಿದಿಲ್ಲ.

ವ್ಯಾಕರಣವು ಬರಿಯ ಕಂಠಪಾಠದ ವಿಷಯವೆಂದು ಬೇಸರಪಡುವ ವಿದ್ಯಾರ್ಥಿನಿಯರು ಇದನ್ನು ಯೋಚಿಸಿ ನೋಡಲಿ. ಪದದ ಕೊನೆಯ ಒಂದಕ್ಷರದಲ್ಲಿ, ಜನಸಮೂಹವೊಂದು ಯಾರನ್ನು ಹೇಗೆ ಎಣಿಸುವುದೆಂಬ ಪ್ರಶ್ನೆಯೂ ಅಡಗಿರಬಲ್ಲುದು.