ಹಳೆಯ ಪಿಸ್ತೂಲಿನ ಒರೆ

ಹುಣಸೂರೆಂದೊಡನೆ ಇಂದು ನೆನಪಾಗುವುದು ಹೊಗೆಸೊಪ್ಪು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರು ತೊಗಲಿಗೂ ಹೆಸರಾಗಿತ್ತು. ಮದರಾಸು ಸೈನ್ಯದ ಸರಬರಾಜು ಇಲಾಖೆಯವರು ಅಲ್ಲಿ ಚರ್ಮ ಹದಮಾಡುವ ದೊಡ್ಡ ಕಾರ್ಖಾನೆಯನ್ನು ನಡೆಸುತ್ತಿದ್ದರು. ಸಿಪಾಯಿಗಳ ಬೂಟು, ಬೆನ್ನುಚೀಲ, ತೋಟಾ ಚೀಲಗಳು ಅಲ್ಲಿ ಸಿದ್ಧವಾಗುತ್ತಿದ್ದುವು. 1864ರಲ್ಲಿ ಕಾರ್ಖಾನೆ ಮುಚ್ಚಿದರೂ ಅಲ್ಲಿ ಪಳಗಿದ ಕೈಗಳು ಕಸುಬನ್ನು ಬಿಡಲಿಲ್ಲ.

ಇಂಥ ಸೈನಿಕ ಸಾಮಗ್ರಿಗಳನ್ನು, ಅದರಲ್ಲೂ ಪಿಸ್ತೂಲಿನ ಒರೆಗಳನ್ನು, ಸಂಗ್ರಹಿಸಿ ಮಾರುವವರು ಅನೇಕ ದೇಶಗಳಲ್ಲಿ ಉಂಟು. ಕುದುರೆ ಸವಾರನ ಜೋಡಿ ಒರೆಗಳು ಜೀನಿನ ಮುಂಭಾಗದಲ್ಲಿ ಅತ್ತಿತ್ತ ತೂಗುತ್ತಿದ್ದ ಕಾಲವಿತ್ತು. ರಿವಾಲ್ವರು ಬಂದ ಮೇಲೆ ಒರೆಯು ಸೊಂಟದ ಪಟ್ಟಿಯನ್ನು ಸೇರಿತು. ಒರೆಯ ಆಕಾರ, ಹೊಲಿಗೆ, ಚರ್ಮದ ಮೇಲೊತ್ತಿದ ಮುದ್ರೆ, ಇವೇ ಅದರ ಜಾತಕ. ಅದನ್ನು ಅಳಿಸುವವನು ಸಾಮಾನ್ಯವಾಗಿ ಶತ್ರುವಲ್ಲ, ಎಣ್ಣೆಯ ಬಟ್ಟಲನ್ನು ಹಿಡಿದ ಒಡೆಯನೇ! ಏಕೆಂಬುದನ್ನು ನೋಡೋಣ.

ಹಸಿ ತೊಗಲು ಬೇಗನೆ ಕೊಳೆಯುವುದು. ನಮ್ಮ ಬಯಲುಗಳಲ್ಲಿ ಬೆಳೆಯುವ ತಂಗಡಿಯ ತೊಗಟೆಯನ್ನು ನೀರಿನಲ್ಲಿ ನೆನೆಸಿದರೆ ಟ್ಯಾನಿನ್ ಎಂಬ ಒಗರು ಪದಾರ್ಥ ಇಳಿಯುವುದು. ಇದು ತೊಗಲಿನ ನಾರುಗಳನ್ನು ಒಂದಕ್ಕೊಂದು ಬಿಗಿದು, ಕೊಳೆಯದಂತೆ ಕಾಯುವುದು. ದಕ್ಷಿಣ ಭಾರತದ ಚರ್ಮಕಾರರು ಕಡೆಯಲ್ಲಿ ಅಳಲೆಕಾಯಿಯ ನೀರಿನಲ್ಲಿಯೂ ಅದನ್ನು ಅದ್ದುತ್ತಿದ್ದರು.

ತಂಗಡಿಯ ಟ್ಯಾನಿನ್ನಿಗೆ ಒಂದು ದೌರ್ಬಲ್ಯವುಂಟು. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡನ್ನು ಇಂಥ ಚರ್ಮವು ಸುಲಭವಾಗಿ ಹೀರುವುದು. ಒಳಗೆ ಅದು ಗಂಧಕಾಮ್ಲವಾಗಿ ನಾರುಗಳನ್ನು ಕತ್ತರಿಸುವುದು. ಚರ್ಮ ಕೆಂಪು ಹುಡಿಯಾಗಿ ಬೆರಳಿಗೆ ಹತ್ತುವುದು. ಲಂಡನ್ನಿನ ಅಥೀನಿಯಂ ಕ್ಲಬ್ಬಿನ ಚರ್ಮದ ಸಾಮಾನುಗಳು ಹಾಳಾದಾಗ, ತಪ್ಪು ದೀಪದ ಗ್ಯಾಸಿನದೆಂದು 1840ರ ದಶಕದಲ್ಲೇ ತಿಳಿಸಿದವನು ಮೈಕೇಲ್ ಫ್ಯಾರಡೆ. ಹೀಗೆ ಕೆಟ್ಟ ಚರ್ಮವನ್ನು ನೀರಿನಿಂದ ತೊಳೆದರೆ ಅದು ಕಪ್ಪಾಗಿ ಬಿರುಸಾಗುವುದು, ಮತ್ತೆ ಮೊದಲಿನಂತಾಗದು.

ಹಿತ್ತಾಳೆಯ ಗುಂಡಿಯ ಸುತ್ತ ಕಾಣುವ ಹಸುರು ಮೇಣದ ಕಥೆ ಬೇರೆ. ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಮಜ್ಜಿಗೆ ಕಿಲುಬುವುದನ್ನು ವಾಚಕರು ಮನೆಯಲ್ಲಿ ಕಂಡಿರಬಹುದು. ಇಲ್ಲಿ ಹುಳಿಯ ಪಾತ್ರ ಚರ್ಮಕ್ಕೆ ಹಚ್ಚಿದ ಕೊಬ್ಬಿನದು. ಕೊಬ್ಬಿನ ಆಮ್ಲಗಳು ತಾಮ್ರದೊಡನೆ ಕೂಡಿ ಒಂದು ಬಗೆಯ ಸಾಬೂನಾಗುವುವು. ಹೊಳಪಿಗೆಂದು ಎಣ್ಣೆ ಸವರಿದಷ್ಟೂ ಕಿಲುಬು ಬೆಳೆಯುವುದು, ಧೂಳು ಅಂಟುವುದು, ಮುದ್ರೆ ಮಾಸುವುದು. ಮರದ ಕಡ್ಡಿಯಿಂದ ಮೇಣವನ್ನು ಮೆಲ್ಲಗೆ ಕೆರೆದು ಒಣ ಬಟ್ಟೆಯಿಂದ ಒರಸಿದರೆ ಸಾಕು. ಒರೆಯೊಳಗೆ ಮೆತ್ತನೆಯ ಕಾಗದವನ್ನು ತುಂಬಿ, ಬಿಸಿಲಿಗೂ ಮಳೆಗಾಲದ ತೇವಕ್ಕೂ ಸಿಕ್ಕದಂತೆ ಇಡಬೇಕು.

ವಿಚಿತ್ರವೆಂದರೆ, ಒರೆಯೊಳಗೆ ಎಂದೂ ಬಹುಕಾಲ ಇಡಬಾರದ ವಸ್ತು ಪಿಸ್ತೂಲು! ಚರ್ಮದ ತೇವವೂ ಆಮ್ಲವೂ ಉಕ್ಕಿಗೆ ತುಕ್ಕು ಹಿಡಿಸುವುವು.

ಕೊಳ್ಳುವವರಿಗೂ ಮಾರುವವರಿಗೂ ಇನ್ನೊಂದು ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆ ಹಿಡಿಯುವುದು ಪಿಸ್ತೂಲನ್ನು; ಬರಿಯ ಒರೆ ಶಸ್ತ್ರವಲ್ಲ. ಆದರೆ ನೂರು ವರ್ಷ ತುಂಬಿದ ಕುಶಲ ವಸ್ತುವು 1972ರ ಕಾಯಿದೆಯಂತೆ ಪ್ರಾಚೀನ ವಸ್ತುವೆನಿಸಬಹುದು. ಅಂಥದರ ವ್ಯಾಪಾರಕ್ಕೆ ಲೈಸೆನ್ಸು ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಮಾರುವಂತಿಲ್ಲ. ಹುಣಸೂರಿನ ಕಾರ್ಖಾನೆಯ ಒಂದು ತೋಟಾ ಚೀಲ ಯಾರದಾದರೂ ಅಟ್ಟದಲ್ಲಿ ಸಿಕ್ಕಿದರೆ, ಅದಕ್ಕೆ ಆ ನೂರು ವರ್ಷ ಎಂದೋ ತುಂಬಿದೆ.