ಅಜ್ಜನ ಮಸೂರಕ್ಕೆ ಹೊಸ ಹಲಗೆ

ದುವ್ವಾಡದಲ್ಲಾಗಲಿ, ಗಾಜುವಾಕದಲ್ಲಾಗಲಿ, ದೂರದ ವಿಜಯವಾಡದಲ್ಲಾಗಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ನಡುಮನೆಯಲ್ಲಿ ಒಂದು ಹಳೆಯ ಭಾವಚಿತ್ರ ತೂಗುತ್ತಿರುವುದು ಸಾಮಾನ್ಯ. ಪೇಟ ಧರಿಸಿದ ಅಜ್ಜ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಅಜ್ಜಿ ಪಕ್ಕದಲ್ಲಿ ನಿಂತಿರುತ್ತಾರೆ. ಮುಖದ ಒಂದೊಂದು ಗೆರೆಯೂ ಸ್ಪಷ್ಟ. ಹಿಂದಿನ ಪರದೆ ಮಾತ್ರ ಮಂಜಿನಲ್ಲಿ ಕರಗಿದಂತೆ. ಊರು ಬಿಟ್ಟು ಬಂದವರಿಗೆ ಆ ಚಿತ್ರವೇ ಅರ್ಧ ಊರು. ಆದರೆ ಅದನ್ನು ತೆಗೆದ ಯಂತ್ರ ಏನಾಯಿತು? ಎಷ್ಟೋ ಕಡೆ ಕ್ಯಾಮೆರಾದ ಮರ ಒಲೆಗೆ ಹೋಗಿದೆ, ಹಿತ್ತಾಳೆಯ ಮಸೂರ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗಿದೆ. ಉಳಿದಿರುವ ಕೆಲವನ್ನಾದರೂ ಮತ್ತೆ ಕೆಲಸಕ್ಕೆ ಹಚ್ಚುವ ಬಗೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇವೆ.

ಮಸೂರದ ಹಿನ್ನೆಲೆ

ಛಾಯಾಚಿತ್ರ ಕಲೆ ಲೋಕಕ್ಕೆ ಪ್ರಕಟವಾದದ್ದು ೧೮೩೯ರಲ್ಲಿ. ಆಗಿನ ಮಸೂರಗಳು ಬೆಳಕನ್ನು ಬಹಳ ಜಿಪುಣತನದಿಂದ ಒಳಗೆ ಬಿಡುತ್ತಿದ್ದುವು. ಬಿಸಿಲಿನಲ್ಲಿ ಕುಳಿತವನು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಾಗಿತ್ತು. ಮರುವರ್ಷವೇ, ೧೮೪೦ರಲ್ಲಿ, ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್ವಾಲ್ ಫಿರಂಗಿದಳದ ಲೆಕ್ಕಿಗರ ನೆರವಿನಿಂದ ಒಂದು ಹೊಸ ಮಸೂರವನ್ನು ಲೆಕ್ಕ ಹಾಕಿದರು. ಫಾಯ್ಕ್ಟ್‌ಲೆಂಡರ್ ಅದನ್ನು ತಯಾರಿಸಿದರು. ಮುಂದೆ ಅಂಟಿಸಿದ ಎರಡು ಗಾಜು, ಹಿಂದೆ ನಡುವೆ ಗಾಳಿ ಬಿಟ್ಟ ಎರಡು ಗಾಜು. ಹಳೆಯದಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು ಬೆಳಕು! ಭಾವಚಿತ್ರದ ಕಸುಬು ಹುಟ್ಟಿದ್ದೇ ಆಗ ಎನ್ನಬಹುದು. ನಡುವೆ ಚೂಪು, ಅಂಚಿನಲ್ಲಿ ಸುಳಿಸುಳಿಯಾದ ಮಸುಕು: ಇದು ಆ ಮಸೂರದ ಗುಣವೂ ಹೌದು, ಕೊರತೆಯೂ ಹೌದು.

ನಮ್ಮ ನಾಡಿಗೆ ದೊಡ್ಡ ಕ್ಯಾಮೆರಾ ಬಂದದ್ದೂ ತಡವಾಗಿಯೇನಲ್ಲ. ೧೮೫೪ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು ಹಳೇಬೀಡುಗಳ ಚಿತ್ರ ತೆಗೆದರು; ಸ್ವಲ್ಪ ಕಾಲದಲ್ಲೇ ಗ್ರೀನ್‌ಲಾ ಹಂಪೆಯ ಚಿತ್ರ ತೆಗೆದರು. ಅವು ಕಲ್ಲಿನ ಚಿತ್ರಗಳು. ಕಲ್ಲು ಅಲುಗುವುದಿಲ್ಲ, ಅವಸರವೂ ಇಲ್ಲ. ಜನರ ಮುಖಕ್ಕೆ ಬೇಕಾದದ್ದು ಬೇಗ ಕೆಲಸ ಮಾಡುವ ಭಾರಿ ಮಸೂರ. ರಾಜಾ ದೀನದಯಾಳರು ೧೮೮೬ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು; ೧೮೯೨ರಲ್ಲಿ ಹೆಂಗಸರಿಗಾಗಿಯೇ ಬೇರೊಂದನ್ನು ನಡೆಸಿದರು. ಬೀದರ, ಕಲಬುರಗಿ, ರಾಯಚೂರುಗಳು ಆಗ ನಿಜಾಮರ ಸೀಮೆಯಲ್ಲೇ ಇದ್ದುವೆಂಬುದನ್ನು ವಾಚಕರು ನೆನೆಯಬಹುದು.

ಭಾರ ಏಕೆ?

ಲೆಕ್ಕ ಸುಲಭ. ಹೆಚ್ಚು ಬೆಳಕು ಬೇಕಾದರೆ ಗಾಜು ಅಗಲವಾಗಬೇಕು. ೧೪ ಅಂಗುಲ ನಾಭಿದೂರದ ಪೆಟ್ಜ್ವಾಲ್ ಮಸೂರಕ್ಕೆ ಸುಮಾರು ನಾಲ್ಕು ಅಂಗುಲ ಅಗಲದ ಗಾಜು ಬೇಕು. ಅಳತೆ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಅದರ ಮೇಲೆ ಹಿತ್ತಾಳೆಯ ಕೊಳವೆ ಬೇರೆ.

ಭಾರಕ್ಕಿಂತ ಭಾರ ಎಲ್ಲಿದೆ ಎಂಬುದು ಮುಖ್ಯ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಮ್ಮ ತಾಯಂದಿರು ಹರದಾರಿ ನಡೆಯುತ್ತಿದ್ದರು. ಅದೇ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದು ಹತ್ತು ಹೆಜ್ಜೆ ಇಡಲಾಗದು. ಮಸೂರ ಹಲಗೆಯಿಂದ ಎಷ್ಟು ಮುಂದೆ ಚಾಚಿದರೆ ಅಷ್ಟು ಎಳೆತ. ಹಲಗೆ ಬಿಟ್ಟಿತೆಂದರೆ ಗಾಜೂ ಹೋಯಿತು, ಕ್ಯಾಮೆರಾದ ಮುಖವೂ ಹೋಯಿತು.

ಕೂರಿಸುವ ಕೆಲಸ

ನಮ್ಮ ಸಂಘದ ಮಿತ್ರರೊಬ್ಬರಿಗೆ ಧಾರವಾಡದ ಕಡೆಯ ತಮ್ಮ ಮನೆಯ ಅಟ್ಟದಿಂದ ಇಂಥ ಮಸೂರವೊಂದು ದೊರೆಯಿತು. ಅಜ್ಜನ ಸ್ಟುಡಿಯೋದ್ದು, ತೂಕ ಮೂರು ಕಿಲೋ. ತೇಗದ ಸ್ಟುಡಿಯೋ ಕ್ಯಾಮೆರಾವೊಂದೂ ಬೇರೆ ಕಡೆ ದೊರೆಯಿತು. ಒಂದರ ಮೇಲೊಂದು ಕೂರಬೇಕಲ್ಲ! ಮಸೂರವನ್ನು ಹಿಡಿದುಕೊಳ್ಳುವ ತಿರುಪಿನ ಬಳೆಯೇ ಕಳೆದಿತ್ತು. ಹಳೆಯ ಕಾಲದಲ್ಲಿ ತಯಾರಕರಿಗೊಂದು ತಿರುಪಿನ ಅಳತೆ. ಒಬ್ಬರ ಬಳೆ ಇನ್ನೊಬ್ಬರ ಮಸೂರಕ್ಕೆ ಹಿಡಿಯದು.

ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಲೇತ್ ಕೆಲಸದ ಹಿರಿಯರೊಬ್ಬರು ಇದಕ್ಕೆ ದಾರಿ ತೋರಿದರು. ತಿರುಪಿನ ಮೇಲೆ ತೆಳು ಕಾಗದವನ್ನು ಒತ್ತಿ ಪೆನ್ಸಿಲಿನಿಂದ ಉಜ್ಜಿದರೆ ಏಣುಗಳ ಗುರುತು ಮೂಡುತ್ತದೆ. ಅಂಗುಲಕ್ಕೆ ಎಷ್ಟೆಂದು ಎಣಿಸಬೇಕು. ಕೊಳವೆಯ ಹೊರ ಅಳತೆಯನ್ನು ಕ್ಯಾಲಿಪರಿನಿಂದ ನಾಲ್ಕು ಕಡೆ ತೆಗೆಯಬೇಕು, ಏಕೆಂದರೆ ಹಳೆಯ ಹಿತ್ತಾಳೆ ಪೂರ್ತಿ ದುಂಡಗೆ ಉಳಿದಿರುವುದು ಅಪರೂಪ. ಆ ಲೆಕ್ಕದಿಂದ ಹೊಸ ಬಳೆ ತಯಾರಾಯಿತು. ಬೆರಳಿನಿಂದಲೇ ತಿರುಗಬೇಕು, ಬಲ ಹಾಕಿದರೆ ತಿರುಪು ಸವೆದು ಹಾಳಾಗುತ್ತದೆ.

ಬಳೆಯ ಕೆಳಗೆ ಅರ್ಧ ಅಂಗುಲ ದಪ್ಪದ ಒಳ್ಳೆಯ ಪ್ಲೈವುಡ್ ಹಲಗೆ. ಒಂಟಿ ಪಟ್ಟಿಯ ಮರ ನಮ್ಮ ಕರಾವಳಿಯ ತೇವಕ್ಕೆ ಬಾಗುತ್ತದೆ, ಸೀಳುತ್ತದೆ. ಪ್ಲೈವುಡ್ಡಿನ ಪದರಗಳು ಅಡ್ಡಡ್ಡ ಇರುವುದರಿಂದ ಬಾಳುತ್ತದೆ. ಮರದ ಸ್ಕ್ರೂ ನಂಬುವಂತಿಲ್ಲ. ಹಲಗೆಯನ್ನು ತೂರಿ ಹೋಗುವ ಆರು ಬೋಲ್ಟುಗಳನ್ನು ಹಿಂದಿನಿಂದ ನಟ್ಟು ಹಾಕಿ ಬಿಗಿದೆವು. ಬೆಳಕು ನುಸುಳದಂತೆ ಬಳೆಯ ಅಡಿಗೆ ಕಪ್ಪು ಮಖಮಲ್ಲಿನ ಸುತ್ತು.

ಇಷ್ಟಾದರೂ ಹಲಗೆಯೊಂದರ ಮೇಲೇ ಭಾರ ಬಿಡಬಾರದು. ಕೊಳವೆಯ ಕೆಳಗೆ ತೊಟ್ಟಿಲಿನಂತೆ ಕೊರೆದ ಮರದ ಆಸರೆಯೊಂದನ್ನು, ಒಳಗೆ ಉಣ್ಣೆ ಬಟ್ಟೆ ಹಚ್ಚಿ, ಕ್ಯಾಮೆರಾದ ಪೀಠಕ್ಕೆ ನಿಲ್ಲಿಸಿದೆವು. ಮುಂಭಾಗ ಕದಲದೆ ಹಿಂಭಾಗ ಮಾತ್ರ ಸರಿಯುವ ಕ್ಯಾಮೆರಾಗಳಿಗೆ ಇದು ಬಹು ಅನುಕೂಲ. ಮುಂಭಾಗ ಸರಿಯುವಂಥದಾದರೆ ಆಸರೆಯೂ ಅದರೊಡನೆ ಸರಿಯಬೇಕು. ಲೇತ್ ಸಿಗದ ಕಡೆ, ನಡುವೆ ಸೀಳಿದ ಎರಡು ಮರದ ತುಂಡುಗಳನ್ನು ಕೊಳವೆಯ ಸುತ್ತ ಬೋಲ್ಟಿನಿಂದ ಬಿಗಿದು ಹಿಡಿಸಬಹುದು.

ಮುಂಚೆಯೇ ಮಡಿಕೆಯ ಚೀಲದ ಉದ್ದವನ್ನೂ ನೋಡಿಕೊಳ್ಳಬೇಕು. ೧೪ ಅಂಗುಲದ ಮಸೂರ ಎಂಟು ಅಡಿ ದೂರದ ಮುಖವನ್ನು ಹಿಡಿಯಲು ೧೬ ಅಂಗುಲಕ್ಕೂ ಹೆಚ್ಚು ಉದ್ದ ಬೇಕಾಗುತ್ತದೆ.

ಈ ಮಸೂರಗಳಿಗೆ ಷಟರ್ ಇಲ್ಲ. ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚುವುದೇ ಕ್ರಮ. ಕಪ್ಪು ಬಿಳುಪು ಮುದ್ರಣದ ಕಾಗದವನ್ನೇ ಫಲಕದ ಜಾಗದಲ್ಲಿಟ್ಟರೆ, ಕಿಟಕಿಯ ಬೆಳಕಿನಲ್ಲಿ ಒಂದೆರಡು ಸೆಕೆಂಡು ಸಾಕು. ಮನೆಯ ಮಕ್ಕಳೂ ಎಣಿಸಬಹುದು!

ಮನೆಯಲ್ಲಿ ಜೋಪಾನ

ಗೃಹಿಣಿಯರಲ್ಲಿ ಒಂದು ಬಿನ್ನಹ. ದೀಪದ ಕಂಬವನ್ನು ತೊಳೆದಂತೆ ಹುಣಸೆಹಣ್ಣು ಹಾಕಿ ಮಸೂರವನ್ನು ಬೆಳಗಬೇಡಿ. ಹಳೆಯ ಅರಗಿನ ಲೇಪ ಹೋಗುತ್ತದೆ. ಕೊರೆದ ತಯಾರಕರ ಹೆಸರು ಸವೆಯುತ್ತದೆ. ಗಾಜನ್ನು ಸೆರಗಿನಿಂದ ಒರೆಸಬೇಡಿ. ಮೊದಲು ಧೂಳನ್ನು ಊದಬೇಕು, ಆಮೇಲೆ ಮೆತ್ತನೆಯ ಬಟ್ಟೆ. ಬಿಚ್ಚುವ ಮುನ್ನ ಪ್ರತಿ ಗಾಜಿನ ಅಂಚಿಗೂ ಪೆನ್ಸಿಲಿನಿಂದ ಗುರುತು ಹಾಕಿರಿ. ಹಿಂದಿನ ಜೋಡಿ ತಿರುವುಮುರುವಾದರೆ ಚಿತ್ರ ಕೆಡುತ್ತದೆ. ಚರ್ಮದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಸಮುದ್ರದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಒಣ ಜಾಗ ಲೇಸು. ಬಿಸಿಲು ಬೀಳುವ ಕಿಟಕಿಯಲ್ಲಂತೂ ತೆರೆದಿಡಬಾರದು. ಬಟ್ಟೆಗೆ ಬೆಂಕಿ ಹತ್ತಲು ಅಷ್ಟೇ ಸಾಕು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ವಾಚಕರು ಒಮ್ಮೆ ಅಟ್ಟ ಹತ್ತಿ ನೋಡಲಿ. ನೆರೆಯಲ್ಲಿ ಮುಚ್ಚಿಹೋದ ಸ್ಟುಡಿಯೋ ಇದ್ದರೆ ಆ ಮನೆಯವರನ್ನು ವಿಚಾರಿಸಲಿ. ಹಿತ್ತಾಳೆಯ ತೂಕಕ್ಕೆ ಸಿಗುವ ದುಡ್ಡು ಒಂದು ತಿಂಗಳಿನ ತರಕಾರಿಗೂ ಸಾಲದು. ಮಸೂರ ಉಳಿದರೆ, ಅಜ್ಜನ ಮುಖ ಹಿಡಿದ ಗಾಜಿನಲ್ಲೇ ಮೊಮ್ಮಗಳ ಮುಖವನ್ನೂ ಹಿಡಿಯಬಹುದು. ದೊರೆತವರು ಸಂಘಕ್ಕೆ ಎರಡು ಸಾಲು ಬರೆದರೆ, ಹಲಗೆ ಮಾಡಿಸುವ ಕೆಲಸಕ್ಕೆ ನಾವು ಜೊತೆಯಾಗುತ್ತೇವೆ.