ನಂಜಿಗೆಂದು ಹುಟ್ಟಿದ ಮದ್ದು ಕರುಳಿಗೆ ಒದಗಿತು

ಕರುಳಿನಲ್ಲಿ ಉರಿಯೂತ, ಹುಣ್ಣು ತರುವ ಕ್ರೋನ್ಸ್ ಕಾಯಿಲೆಗೆ ಇಂದು ಡ್ರಿಪ್‌ನಲ್ಲಿ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಹುಟ್ಟಿದ್ದು ಕರುಳಿಗಾಗಿ ಅಲ್ಲ.

ಕಮ್ಯುನಿಸ್ಟ್ ಜೆಕೊಸ್ಲೊವಾಕಿಯದಿಂದ 1964ರಲ್ಲಿ ತಪ್ಪಿಸಿಕೊಂಡು ಬಂದ ಯಾನ್ ವಿಲ್ಚೆಕ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನೆಲೆ ಕಂಡುಕೊಂಡರು. 1980ರ ದಶಕದ ಕೊನೆಗೆ ಅವರು, ಸಹೋದ್ಯೋಗಿ ಜುನ್‌ಮಿಂಗ್ ಲೆ ಜೊತೆಗೂಡಿ, ಇಲಿಯಿಂದ ಒಂದು ಪ್ರತಿಕಾಯ ಪಡೆದರು. ಸೋಂಕು ತಗಲಿದಾಗ ಮೈಯಲ್ಲಿ ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಅದು ಕಟ್ಟಿಹಾಕುತ್ತಿತ್ತು. ಆದರೆ ಇಲಿಯ ಪ್ರೋಟೀನನ್ನು ಮನುಷ್ಯನ ಮೈ ಸಹಿಸದು. ಹೀಗಾಗಿ ಸೆಂಟೊಕಾರ್ ಕಂಪನಿಯವರು ಟಿಎನ್‌ಎಫ್ ಹಿಡಿಯುವ ಭಾಗವನ್ನಷ್ಟೇ ಇಲಿಯದಾಗಿ ಉಳಿಸಿಕೊಂಡು, ಮಿಕ್ಕ ಮುಕ್ಕಾಲು ಪಾಲನ್ನು ಮನುಷ್ಯನ ಪ್ರತಿಕಾಯದಿಂದ ಜೋಡಿಸಿದರು. ರಕ್ತಕ್ಕೆ ನಂಜೇರಿ ಸಾಯುವವರನ್ನು ಇದರಿಂದ ಉಳಿಸಬಹುದೆಂಬ ಆಸೆ ಅವರದು. ಅದು ಫಲಿಸಲಿಲ್ಲ.

ಆಗ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬ ಬಾಲಕಿ ತೀವ್ರ ಕ್ರೋನ್ಸ್‌ನಿಂದ ನರಳುತ್ತಿದ್ದಳು. ಸ್ಟಿರಾಯ್ಡ್‌ಗೂ ಕಾಯಿಲೆ ಬಗ್ಗಿರಲಿಲ್ಲ. ಸಾಂಡರ್ ಫಾನ್ ಡೆವೆಂಟರ್ ಮತ್ತು ಸಂಗಡಿಗ ವೈದ್ಯರು ಅವಳಿಗೆ ಈ ಪ್ರತಿಕಾಯ ಕೊಟ್ಟರು. ಕರುಳಿನ ಹುಣ್ಣು ಮಾಯತೊಡಗಿತು. ಕೆಲವು ತಿಂಗಳಿಗೆ ಕಾಯಿಲೆ ಮರುಕಳಿಸಿತು, ನಿಜ. ಆದರೂ 1993ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಆ ಪುಟ್ಟ ವರದಿ ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಿತು. ವಿಜ್ಞಾನಿಗಳಿಗೆ ಸಲ್ಲಬೇಕಾದ ಮನ್ನಣೆ ಸಂದಿದೆ. ಹೆಸರಿಲ್ಲದ ಆ ಹುಡುಗಿಗೂ ಅವಳ ಹೆತ್ತವರಿಗೂ ನಾವು ಅಷ್ಟೇ ಋಣಿಗಳು ಎಂದು ನಾನು ನಂಬಿದ್ದೇನೆ.

1997ರಲ್ಲಿ 108 ರೋಗಿಗಳ ಅಧ್ಯಯನ ಹೊರಬಂತು. ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂನಂತೆ ಒಂದೇ ಸಲ ಔಷಧ ಪಡೆದವರಲ್ಲಿ ಶೇ 81 ಮಂದಿ ನಾಲ್ಕು ವಾರಕ್ಕೆ ಚೇತರಿಕೆ ಕಂಡಿದ್ದರು. ಹುಸಿಮದ್ದು ಪಡೆದವರಲ್ಲಿ ಶೇ 17 ಮಾತ್ರ. ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಇದೇ ಬಗೆಯ ಅಡಾಲಿಮುಮ್ಯಾಬ್‌ನ ಮೊದಲ ಬಯೋಸಿಮಿಲರನ್ನು, ಅಂದರೆ ಮೂಲ ಮದ್ದನ್ನೇ ಬಹುತೇಕ ಹೋಲುವ ಮದ್ದನ್ನು, 2014ರಲ್ಲಿ ಮಾರುಕಟ್ಟೆಗೆ ತಂದದ್ದು ಅಹಮದಾಬಾದಿನ ಝೈಡಸ್. ಬೆಲೆ ಇಳಿಯಿತು. ಆದರೆ ಇವು ವರ್ಷಗಟ್ಟಲೆ ಹಾಕಿಸಿಕೊಳ್ಳಬೇಕಾದ ಮದ್ದುಗಳು. ಸಾಮಾನ್ಯರ ಕೈಗೆ ಈಗಲೂ ಸುಲಭಕ್ಕೆ ಎಟಕುವುದಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಅದು ಕ್ಷಯ. ಎಂದೋ ಮೈಹೊಕ್ಕ ಕ್ಷಯಾಣುಗಳ ಸುತ್ತ ದೇಹ ಬೇಲಿ ಕಟ್ಟಿ ಅವನ್ನು ಅಡಗಿಸಿಟ್ಟಿರುತ್ತದೆ. ಆ ಬೇಲಿ ನಿಲ್ಲಲು ಟಿಎನ್‌ಎಫ್ ಬೇಕೇ ಬೇಕು. ಅದನ್ನು ಕಟ್ಟಿಹಾಕಿದರೆ ಮಲಗಿದ್ದ ಕ್ಷಯ ಎದ್ದೀತು. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ 2001ರಲ್ಲಿ ಬಂದಾಗ ಜಗತ್ತಿನ ವೈದ್ಯರು ಎಚ್ಚೆತ್ತರು. ಮದ್ದು ಶುರುಮಾಡುವ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಚರ್ಮಪರೀಕ್ಷೆ ಅಥವಾ ರಕ್ತಪರೀಕ್ಷೆ ಮಾಡಿಸುವುದು ಅದಕ್ಕೇ. ಅಡಗಿದ ಸೋಂಕಿದ್ದರೆ ಮೊದಲು ಅದಕ್ಕೆ ಮಾತ್ರೆ.

ಇಷ್ಟು ಸಾಲದೆಂಬಂತೆ, ಕರುಳಿನ ಕ್ಷಯವೂ ಕ್ರೋನ್ಸ್ ಕೂಡ ಕೊಲೊನೋಸ್ಕೋಪಿಯಲ್ಲಿ ಬಹುಪಾಲು ಒಂದೇ ತರಹ ಕಾಣುತ್ತವೆ, ಬಯಾಪ್ಸಿಯೂ ಒಮ್ಮೊಮ್ಮೆ ಕೈಕೊಡುತ್ತದೆ. ಅನುಮಾನ ಉಳಿದಾಗ ನಮ್ಮ ವೈದ್ಯರು ಎಷ್ಟೋ ಸಲ ಕ್ಷಯದ ಔಷಧವನ್ನೇ ಮೊದಲು ಕೊಟ್ಟು, ಎರಡು ಮೂರು ತಿಂಗಳ ಬಳಿಕ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯೇ ನೋಡುತ್ತಾರೆ. ಮಾಯದಿದ್ದರೆ ಮಾತ್ರ ಕ್ರೋನ್ಸ್ ಚಿಕಿತ್ಸೆಯ ಕಡೆಗೆ ಹೊರಳುತ್ತಾರೆ.